ನಾರ್ತ್ ಲಾಂಡೇಲ್‌ನಲ್ಲಿ ಒಂದು ವಾರ

ಜೂನ್ 15, ಭಾನುವಾರ

ಬೆಳಗಿನ ಆರಾಧನೆ ಮುಗಿದ ಮೇಲೆ ನಮ್ಮ ಚರ್ಚಿನ ಸಭೆಯವರೆಲ್ಲ ವ್ಯಾನಿನ ಸುತ್ತ ನಿಂತು ಪ್ರಾರ್ಥನೆ ಮಾಡಿ ನಮ್ಮನ್ನು ಒಂದು ವಾರದ ಸೇವೆಗೆ ಕಳಿಸಿಕೊಟ್ಟರು. ಹದಿನೈದು ಸೀಟಿನ ವ್ಯಾನು. ಒಳಗೆ 11 ಮಕ್ಕಳು, ಯುವಜನರ ಪಾಸ್ಟರ್, ಒಬ್ಬ ಹುಡುಗನ ತಂದೆ, ನಾನು. ಮಕ್ಕಳು 14ರಿಂದ 18 ವರ್ಷದವರು, ಅವರಲ್ಲಿ ನನ್ನ ಮಗಳೂ ಒಬ್ಬಳು. ಮುಕ್ಕಾಲು ಪಾಲು ಮಕ್ಕಳು ಮೆಕ್ಕೆಜೋಳ, ಸೋಯಾ ಬೆಳೆಯುವ ಮನೆಗಳವರು. ಅಯೋವಾದ ನಮ್ಮ ಸಣ್ಣ ಊರಿನಿಂದ ಶಿಕಾಗೋಗೆ ನಾಲ್ಕು ಗಂಟೆಯ ದಾರಿ. ಇಂಟರ್‌ಸ್ಟೇಟ್ 80ರ ಸೇತುವೆಯ ಮೇಲೆ ಮಿಸಿಸಿಪ್ಪಿ ನದಿ ದಾಟುವಾಗ ಹಾಡು ಜೋರಾಗಿತ್ತು. ನಗರ ಹತ್ತಿರವಾದಂತೆ ಒಬ್ಬೊಬ್ಬರೇ ಸುಮ್ಮನಾದರು.

ಆ ಮೌನ ಏಕೆಂದು ನನಗೆ ಗೊತ್ತಿತ್ತು. ಹಿಂದಿನ ವಾರ ಇಬ್ಬರು ತಾಯಂದಿರು ನನ್ನನ್ನು ಬದಿಗೆ ಕರೆದು, ಕತ್ತಲಾದ ಮೇಲೆ ಮಕ್ಕಳನ್ನು ಹೊರಗೆ ಬಿಡಬೇಡಿ ಎಂದು ಹೇಳಿದ್ದರು. ಶಿಕಾಗೋದ ವೆಸ್ಟ್ ಸೈಡ್ ಎಂದರೆ ನಮ್ಮ ಕಡೆಯ ಮನೆಗಳಿಗೆ ತಲುಪುವುದು ಟಿವಿಯ ಅಪರಾಧ ಸುದ್ದಿ ಮಾತ್ರ.

ವೆಸ್ಟ್ ಸೈಡಿನ ನಾರ್ತ್ ಲಾಂಡೇಲ್ ಬಡಾವಣೆ ಶಿಕಾಗೋ ನಗರದ ನಡುಭಾಗದಿಂದ ಪಶ್ಚಿಮಕ್ಕೆ ಸುಮಾರು ಎಂಟು ಕಿಲೋಮೀಟರ್. ಒಳಗೆ ಬಂದಾಗ ಮೊದಲು ಕಣ್ಣಿಗೆ ಬಿದ್ದದ್ದು ಮನೆಗಳ ಚೆಲುವು. ಇಂಡಿಯಾನಾದ ಸುಣ್ಣದಕಲ್ಲಿನ ಮುಂಗೋಡೆ, ಅದರ ಮೇಲೆ ಕೆತ್ತನೆ, ಅಗಲವಾದ ಮೆಟ್ಟಿಲು. ಇವನ್ನು ಇಲ್ಲಿಯವರು ಗ್ರೇಸ್ಟೋನ್ ಎನ್ನುತ್ತಾರೆ, ಹೆಚ್ಚಿನವು ನೂರು ವರ್ಷ ದಾಟಿದವು. ಸಾಲಿನಲ್ಲಿ ಅಂಥ ನಾಲ್ಕು ಮನೆ, ಪಕ್ಕದಲ್ಲಿ ಹುಲ್ಲು ಬೆಳೆದ ಎರಡು ಖಾಲಿ ನಿವೇಶನ, ಮತ್ತೆ ಒಂದು ಮನೆ, ಮತ್ತೆ ಖಾಲಿ. “ಇಲ್ಲಿ ಯಾಕೆ ಯಾರೂ ಮನೆ ಕಟ್ಟಿಲ್ಲ?” ಎಂದು ಹಿಂದಿನ ಸೀಟಿನಿಂದ ಒಬ್ಬಳು ಕೇಳಿದಳು. ಕಟ್ಟಿದ್ದರು, ಈಗ ಇಲ್ಲ ಎನ್ನುವುದು ನಮಗೆ ತಿಳಿದದ್ದು ಬುಧವಾರ.

ನಮ್ಮನ್ನು ಇಳಿಸಿಕೊಂಡದ್ದು ಅಲ್ಲಿಯದೇ ಒಂದು ಕರಿಯರ ಬ್ಯಾಪ್ಟಿಸ್ಟ್ ಸಭೆ. ನೆಲಮಾಳಿಗೆಯಲ್ಲಿ ಒಂದು ಕಡೆ ಹುಡುಗಿಯರ ಹಾಸಿಗೆ, ಇನ್ನೊಂದು ಕಡೆ ಹುಡುಗರದು, ನಡುವೆ ಅಡುಗೆಮನೆ. ಊಟವಾದ ಮೇಲೆ ಅಲ್ಲಿಯ ಪಾಸ್ಟರ್ ಮಕ್ಕಳಿಗೆ ಎರಡೇ ಮಾತು ಹೇಳಿದರು. ಕೇಳದೆ ಯಾರ ಫೋಟೋವನ್ನೂ ತೆಗೆಯಬೇಡಿ. ಮೆಟ್ಟಿಲ ಮೇಲೆ ಯಾರಾದರೂ ಕೂತಿದ್ದರೆ ಮಾತಾಡಿಸದೆ ಮುಂದೆ ಹೋಗಬೇಡಿ. ಕತ್ತಲು, ಅಪಾಯ ಎಂದೆಲ್ಲ ಹೇಳುತ್ತಾರೆಂದು ಕಾದಿದ್ದ ನಮ್ಮ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಜೂನ್ 16, ಸೋಮವಾರ

ಈ ದಿನದ ತಪ್ಪನ್ನು ನಡೆದ ಹಾಗೆಯೇ ಬರೆಯುತ್ತೇನೆ.

ನಮ್ಮ ಕೆಲಸ ಸಭೆಯಿಂದ ಎರಡು ಬೀದಿ ಆಚೆಗಿನ ತೋಟದಲ್ಲಿ. ಮೂರು ಖಾಲಿ ನಿವೇಶನ ಸೇರಿಸಿ ಬೀದಿಯವರೇ ಮಾಡಿಕೊಂಡ ತೋಟ ಅದು. ಕಸ ಎತ್ತಬೇಕು, ಬೇಲಿಯುದ್ದಕ್ಕೂ ಕಳೆ ತೆಗೆಯಬೇಕು. ಒಂಬತ್ತಕ್ಕೆ ತೋಟ ನೋಡಿಕೊಳ್ಳುವವರು ಬಂದು ತೋರಿಸುತ್ತಾರೆ ಎಂದಿದ್ದರು. ನಾವು ಎಂಟಕ್ಕೇ ಹೋದೆವು. ಸುಮ್ಮನೆ ನಿಲ್ಲುವುದೇಕೆ ಎಂದು ಶುರುಮಾಡಿದೆವು.

ದಕ್ಷಿಣದ ಬೇಲಿಗೆ ಒತ್ತಿಕೊಂಡು ಎರಡೂವರೆ ಅಡಿ ಎತ್ತರದ, ದಪ್ಪ ಎಲೆಯ ಗಿಡಗಳು ಹಿಂಡಾಗಿ ನಿಂತಿದ್ದವು. “ಮಿಲ್ಕ್‌ವೀಡ್!” ಎಂದ ನಮ್ಮ ಗುಂಪಿನ ಅತಿ ಎತ್ತರದ ಹುಡುಗ. ಸೋಯಾ ಸಾಲುಗಳ ನಡುವೆ ಕುಡುಗೋಲು ಹಿಡಿದು ನಡೆಯುತ್ತಾ ಇದನ್ನು ತೆಗೆಯುವುದು ಹತ್ತನೇ ವಯಸ್ಸಿನಿಂದಲೂ ಅವನಿಗೆ ಅಭ್ಯಾಸ. ಹೊಲದ ಮಕ್ಕಳ ಕೈ, ಕೇಳಬೇಕೇ? ಮುಕ್ಕಾಲು ಗಂಟೆಯಲ್ಲಿ ಮೂವತ್ತು ಗಿಡ ಕಿತ್ತು ರಾಶಿ ಹಾಕಿದರು. ಮುರಿದ ದಂಟಿನಿಂದ ಬಿಳಿ ಹಾಲು ಸುರಿಯುತ್ತಿತ್ತು. ನಮ್ಮ ಎಕ್ಕದ ಗಿಡದ ಕುಲವೇ ಇದು. ಎಕ್ಕದ ಎಲೆಯಡಿ ಚಿಟ್ಟೆಯ ಮರಿಹುಳು ಹುಡುಕುತ್ತಾ ಬೆಳೆದವಳು ನಾನು. ಆ ಹಾಲು ನೋಡಿದಾಗಲಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಕಣ್ಣಿಗೆ ಹಾಲು ತಾಗಿಸಿಕೊಳ್ಳಬೇಡಿ ಎಂದಷ್ಟೇ ಮಕ್ಕಳಿಗೆ ಹೇಳಿದೆ.

ಒಂಬತ್ತಕ್ಕೆ ಸರಿಯಾಗಿ ಅವರು ಬಂದರು. ಎಂಬತ್ತರ ಆಸುಪಾಸು, ಒಂದು ಕೈಯಲ್ಲಿ ಊರುಗೋಲು. ಹಿಂದೆ ಅವರ ಮೊಮ್ಮಗ ಮಡಿಸುವ ಕುರ್ಚಿ ಹೊತ್ತು ತಂದ. ಕರಿಯರ ಸಭೆಗಳಲ್ಲಿ ಹಿರಿಯ ಹೆಂಗಸರನ್ನು ‘ಮದರ್’ ಎಂದೇ ಕರೆಯುವುದು. ಇವರನ್ನು ಇಡೀ ಬೀದಿ ಹಾಗೆ ಕರೆಯುತ್ತದೆ. ಅವರು ಬೇಲಿ ನೋಡಿದರು, ರಾಶಿ ನೋಡಿದರು, ಕುರ್ಚಿ ಹಾಕಿಸಿಕೊಂಡು ಕೂತರು. ಬೈಯಲಿಲ್ಲ.

“ಅದನ್ನು ನೆಟ್ಟು ಆರು ವರ್ಷ ಆಯಿತು. ಮೊನಾರ್ಕ್ ಚಿಟ್ಟೆಗೆ ಅಂತ ನೆಟ್ಟದ್ದು. ಅದರ ಮರಿ ಬೇರೆ ಯಾವ ಎಲೆಯನ್ನೂ ತಿನ್ನುವುದಿಲ್ಲ.”

ಮೊನಾರ್ಕ್ ಇಲಿನಾಯ್ ರಾಜ್ಯದ ಅಧಿಕೃತ ಕೀಟ. 1975ರಲ್ಲಿ ಹಾಗೆಂದು ಕಾನೂನು ಮಾಡಿಸಿಕೊಂಡವರಿಗೆ ಈಗ ಹೊಲದ ಬದುಗಳಲ್ಲಿ ಆ ಗಿಡ ಹೆಚ್ಚು ಉಳಿದಿಲ್ಲ. ಅದನ್ನು ಉಳಿಸುತ್ತಿರುವವುಗಳಲ್ಲಿ ಇಂಥ ತೋಟಗಳೂ ಸೇರಿವೆ. ಬೀದಿಯ ಸಣ್ಣ ಮಕ್ಕಳು ಪ್ರತಿ ಬೇಸಿಗೆ ಆ ಬೇಲಿಯ ಬಳಿ ಸೇರಿ ಹುಳು ಎಣಿಸುತ್ತಿದ್ದರಂತೆ.

ಎತ್ತರದ ಹುಡುಗನ ಮುಖ ಸುಟ್ಟಂತೆ ಕೆಂಪಾಯಿತು. “ಕ್ಷಮಿಸಿ ಮದರ್” ಎನ್ನುವಷ್ಟರಲ್ಲಿ ಗಂಟಲು ಕಟ್ಟಿತು. ಅವರು ಊರುಗೋಲಿನಿಂದ ರಾಶಿ ತೋರಿಸಿದರು. “ಕ್ಷಮೆ ಆಮೇಲೆ ಕೇಳು. ಬಾಡುವುದಕ್ಕೆ ಮುಂಚೆ ಎಲೆಯ ಅಡಿ ನೋಡು, ಹುಳು ಇದ್ದಾವು.”

ಹನ್ನೊಂದು ಮಕ್ಕಳೂ ನೆಲದ ಮೇಲೆ ಮಂಡಿಯೂರಿ ಒಂದೊಂದೇ ಎಲೆ ತಿರುಗಿಸಿ ನೋಡಿದರು. ಕಪ್ಪು, ಬಿಳಿ, ಹಳದಿ ಪಟ್ಟೆಯ ಏಳು ಹುಳು ಸಿಕ್ಕವು. ಸಾಸಿವೆಗಿಂತ ಸಣ್ಣ ಮೊಟ್ಟೆಗಳಿದ್ದ ಎಲೆಗಳೂ ಇದ್ದವು. ಹುಳುಗಳನ್ನು ಎಲೆಸಮೇತ ಒಯ್ದು ಉಳಿದಿದ್ದ ಗಿಡಗಳ ಮೇಲೆ ಬಿಟ್ಟರು, ಮೊಟ್ಟೆಯ ಎಲೆಗಳನ್ನು ದಾರದಿಂದ ಕಟ್ಟಿದರು. ಅದೇ ಆ ಬೆಳಗಿನ ಕೆಲಸವಾಯಿತು.

ಮಧ್ಯಾಹ್ನ ಮದರ್ ಆ ಹುಡುಗನನ್ನು ಹತ್ತಿರ ಕರೆದು, “ನೀನು ಕಿತ್ತದ್ದು ದಂಟು ಮಾತ್ರ ಮಗನೇ. ಅದರ ಬೇರು ನೆಲದೊಳಗೆ ಅಡ್ಡಡ್ಡ ಹೋಗಿರುತ್ತದೆ. ಚಿಗುರುತ್ತದೆ,” ಎಂದರು. ಅವನಿಗೆ ಅದು ಗೊತ್ತಿರಲೇಬೇಕು, ಹೊಲದಲ್ಲಿ ಪ್ರತಿ ವರ್ಷ ಮತ್ತೆ ಕೀಳುತ್ತಿದ್ದವನಲ್ಲವೇ? ಆದರೂ ಅವರ ಬಾಯಿಂದ ಕೇಳಿದ ಮೇಲೆಯೇ ಅವನು ಊಟ ಮಾಡಿದ್ದು.

ರಾತ್ರಿ ಧ್ಯಾನಕ್ಕೆ ಕೂತಾಗ ಅವನೇ ಸತ್ಯವೇದ ತೆರೆದು ಮತ್ತಾಯ 13ನೇ ಅಧ್ಯಾಯದ ಹಣಜಿಯ ಸಾಮ್ಯ ಓದಿದ. ಕಳೆ ಕೀಳಲೇ ಎಂದು ಆಳುಗಳು ಯಜಮಾನನನ್ನು ಕೇಳುವ ಭಾಗ. ಓದಿ ಪುಸ್ತಕ ಮುಚ್ಚಿದ. “ಅವರು ಕೇಳಿದರು,” ಎಂದ. ಯಾರೂ ಮತ್ತೇನೂ ಹೇಳಲಿಲ್ಲ.

ಜೂನ್ 17, ಮಂಗಳವಾರ

ಸಭೆಯ ಬೇಸಿಗೆ ಶಿಬಿರದ ಸಣ್ಣ ಮಕ್ಕಳೊಂದಿಗೆ ಇಡೀ ದಿನ. ಬೆಳಿಗ್ಗೆ ಓದು, ಮಧ್ಯಾಹ್ನ ಊಟ ಬಡಿಸುವುದು, ಆಮೇಲೆ ಹಗ್ಗದಾಟ. ಎರಡು ಹಗ್ಗ ಒಟ್ಟಿಗೆ ತಿರುಗಿಸುವ ಡಬಲ್ ಡಚ್ ಆಟದಲ್ಲಿ ನಮ್ಮವರಲ್ಲಿ ಒಬ್ಬರಿಗೂ ಎರಡು ಹೆಜ್ಜೆ ಹಾಕಲು ಬರಲಿಲ್ಲ; ಒಂಬತ್ತು ವರ್ಷದ ಹುಡುಗಿಯೊಬ್ಬಳು ನನ್ನ ಮಗಳ ಕೈ ಹಿಡಿದು ತಾಳ ಕಲಿಸಿದಳು. ಸಂಜೆ ತೋಟಕ್ಕೆ ಹೋಗಿ ಹುಳು ಎಣಿಸಿ ಬಂದೆವು. ಆರು.

ಜೂನ್ 18, ಬುಧವಾರ

ಸಿಟಿ ಬಸ್ ಓಡಿಸಿ ನಿವೃತ್ತರಾದ, ಸಭೆಯ ಕೆಲಸ ನೋಡಿಕೊಳ್ಳುವ ಡೀಕನ್ ಒಬ್ಬರು ನಮ್ಮನ್ನು ನಡೆಸಿಕೊಂಡು ಹೋದರು. ಮೂರು ಗಂಟೆ ನಡೆದೆವು.

ಮೊದಲು ಹ್ಯಾಮ್ಲಿನ್ ಅವೆನ್ಯೂ ಮತ್ತು 16ನೇ ಬೀದಿಯ ಮೂಲೆ. 1966ರ ಜನವರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹೆಂಡತಿಯೊಂದಿಗೆ ಬಂದು ಬಾಡಿಗೆಗೆ ಇದ್ದದ್ದು ಇಲ್ಲಿಯ ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿ. ದಕ್ಷಿಣದ ರಾಜ್ಯಗಳಲ್ಲಿ ಹೋರಾಡಿದವರು ಉತ್ತರದ ನಗರಗಳ ವಸತಿ ಅನ್ಯಾಯವನ್ನು ಎತ್ತಿಕೊಂಡಾಗ, ದೂರದಿಂದ ಭಾಷಣ ಮಾಡದೆ ಅದೇ ಕೊಳಕು ಮೆಟ್ಟಿಲು, ಅದೇ ಚಳಿ ಹಂಚಿಕೊಳ್ಳಲು ಬಂದರು. ಆ ಕಟ್ಟಡ ಈಗಿಲ್ಲ. ಅದೇ ಜಾಗದಲ್ಲಿ 2011ರಲ್ಲಿ ಕಿಂಗ್ ಹೆಸರಿನ 45 ಮನೆಗಳ ಹೊಸ ವಸತಿ ಎದ್ದಿದೆ.

ಅಲ್ಲಿಂದ ಡಗ್ಲಸ್ ಬೂಲವಾರ್ಡಿನ ಸ್ಟೋನ್ ಟೆಂಪಲ್ ಬ್ಯಾಪ್ಟಿಸ್ಟ್ ಚರ್ಚ್. ಕಲ್ಲುಗೋಡೆಯ ಮೇಲೆ ದಾವೀದನ ನಕ್ಷತ್ರ ಕೆತ್ತಿದೆ! 1920ರ ದಶಕದಲ್ಲಿ ರೊಮೇನಿಯಾದಿಂದ ಬಂದ ಯೆಹೂದ್ಯರು ಕಟ್ಟಿದ ಪ್ರಾರ್ಥನಾ ಮಂದಿರ, ಸಿನಗಾಗ್ ಅದು. 1954ರಲ್ಲಿ ಬ್ಯಾಪ್ಟಿಸ್ಟ್ ಸಭೆಯಾಯಿತು, ಆದರೆ ನಕ್ಷತ್ರಗಳನ್ನು ಯಾರೂ ಅಳಿಸಲಿಲ್ಲ. ಕಿಂಗ್ ಇಲ್ಲಿಯೂ ಪ್ರಸಂಗ ಮಾಡಿದ್ದಾರೆ.

1950ರಲ್ಲಿ ಈ ಬಡಾವಣೆಯಲ್ಲಿ ಬಹುಪಾಲು ಬಿಳಿಯರು. 1960ರ ಹೊತ್ತಿಗೆ ಹತ್ತರಲ್ಲಿ ಒಂಬತ್ತು ಜನ ಕರಿಯರು. ಹತ್ತೇ ವರ್ಷದಲ್ಲಿ ಇಷ್ಟು ಬದಲಾದದ್ದು ಹೇಗೆ ಎಂದು ಡೀಕನ್ ಒಂದು ಮನೆಯ ಮೆಟ್ಟಿಲ ಮೇಲೆ ಕೂತು ವಿವರಿಸಿದರು. ಸಾಲಕ್ಕೆ ಸರ್ಕಾರದ ಖಾತರಿ ಕೊಡುವ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ 1934ರಲ್ಲಿ ಶುರುವಾಯಿತು. ಕರಿಯರು ಇರುವ ಬೀದಿಗಳಿಗೆ ಆ ಖಾತರಿ ಸಿಗುತ್ತಿರಲಿಲ್ಲ. ಖಾತರಿ ಇಲ್ಲದಿದ್ದರೆ ಬ್ಯಾಂಕಿನ ಸಾಲವಿಲ್ಲ. ಆಗ ನಡುವೆ ಬಂದವರು ದಲ್ಲಾಳಿಗಳು. ‘ಕರಿಯರು ಬರುತ್ತಿದ್ದಾರೆ, ಮನೆಯ ಬೆಲೆ ಬಿದ್ದುಹೋಗುತ್ತದೆ’ ಎಂದು ಬಿಳಿಯರನ್ನು ಹೆದರಿಸಿ ಅಗ್ಗಕ್ಕೆ ಕೊಳ್ಳುವುದು, ಅದೇ ಮನೆಯನ್ನು ಕರಿಯರಿಗೆ ಎರಡರಷ್ಟು ಬೆಲೆಗೆ ‘ಕಾಂಟ್ರ್ಯಾಕ್ಟ್’ ಮೇಲೆ ಮಾರುವುದು. ಕೊನೆಯ ಕಂತು ಕಟ್ಟುವವರೆಗೆ ಮನೆ ಕೊಂಡವನ ಹೆಸರಿಗಿಲ್ಲ. ಒಂದು ಕಂತು ತಪ್ಪಿದರೂ ಮನೆ ಹೋಯಿತು, ಅಲ್ಲಿಯವರೆಗೆ ಕಟ್ಟಿದ್ದೆಲ್ಲ ಹೋಯಿತು. ಮಿಸಿಸಿಪ್ಪಿಯಿಂದ ಬಂದಿದ್ದ ಕ್ಲೈಡ್ ರಾಸ್ 1961ರಲ್ಲಿ ಇಲ್ಲಿ 27,500 ಡಾಲರಿಗೆ ಮನೆ ಕೊಂಡರು. ಮಾರಿದವನು ಆರು ತಿಂಗಳ ಹಿಂದೆ ಅದಕ್ಕೆ ಕೊಟ್ಟಿದ್ದದ್ದು 12,000. ಶಿಕಾಗೋದ ಕರಿಯ ಕುಟುಂಬಗಳು ಹೀಗೆ ಕಳೆದುಕೊಂಡ ಹಣ ಈಗಿನ ಲೆಕ್ಕದಲ್ಲಿ 300ರಿಂದ 400 ಕೋಟಿ ಡಾಲರ್ ಎಂದು 2019ರ ಅಧ್ಯಯನವೊಂದು ಅಂದಾಜು ಮಾಡಿದೆ.

“ನಮ್ಮಪ್ಪ ಎರಡು ಕೆಲಸ ಮಾಡುತ್ತಿದ್ದ. ಅಮ್ಮ ಒಂದು. ಆ ಕಂತಿಗಾಗಿ,” ಎಂದರು ಡೀಕನ್. ರಿಪೇರಿಗೆ ಹಣವೇ ಉಳಿಯುತ್ತಿರಲಿಲ್ಲ. ನಮ್ಮ ಮಕ್ಕಳು ನೋಡಿದ ಶಿಥಿಲ ಮೇಲ್ಛಾವಣಿಗಳಿಗೆ ಒಡೆಯರ ಸೋಮಾರಿತನ ಕಾರಣವಲ್ಲ ಎಂದು ಅವರಿಗೆ ಅರ್ಥವಾದದ್ದು ಆ ಮೆಟ್ಟಿಲ ಮೇಲೆ.

ಮುಂದಿನ ಮಾತು ನನಗೆ ಬಹಳ ಮುಖ್ಯ. 1967ರಲ್ಲಿ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂಘದ ಗುರುವಾಗಲು ಓದುತ್ತಿದ್ದ ಜ್ಯಾಕ್ ಮ್ಯಾಕ್‌ನಮಾರಾ ಎಂಬ ತರುಣ ಲಾಂಡೇಲಿಗೆ ಬಂದ. ಇಲ್ಲಿಯ ಪ್ರೆಸೆಂಟೇಷನ್ ಧರ್ಮಕೇಂದ್ರದ ಕ್ಯಾಥೊಲಿಕ್ ಗುರು ಮಾನ್ಸಿನ್ಯೋರ್ ಜ್ಯಾಕ್ ಈಗನ್ ಅವರ ಆಸರೆಯಲ್ಲಿ ಕಾಲೇಜು ವಿದ್ಯಾರ್ಥಿಗಳೂ ಬಂದು ಇಲ್ಲಿಯೇ ನೆಲೆಸಿದರು. ಅವರು ಗೋಡೆಗೆ ಬಣ್ಣ ಬಳಿಯಲಿಲ್ಲ. ಮನೆಮನೆಗೆ ಹೋಗಿ ಮಾತು ಕೇಳಿಸಿಕೊಂಡರು, ಆಮೇಲೆ ಆಸ್ತಿ ದಾಖಲೆಗಳ ಮುಂದೆ ದಿನಗಟ್ಟಲೆ ಕೂತು ಯಾವ ಮನೆಯನ್ನು ಯಾರು ಎಷ್ಟಕ್ಕೆ ಕೊಂಡು ಎಷ್ಟಕ್ಕೆ ಮಾರಿದರು ಎಂದು ಒಂದೊಂದಾಗಿ ಬರೆದು ತೆಗೆದರು. ತಾನೊಬ್ಬನೇ ಮೋಸಹೋದೆ ಎಂದು ನಾಚಿಕೊಂಡು ಬಾಯಿ ಮುಚ್ಚಿದ್ದ ಜನಕ್ಕೆ ಅಕ್ಕಪಕ್ಕದವರ ಕಥೆಯೂ ಅದೇ ಎಂದು ಗೊತ್ತಾಯಿತು. 1968ರಲ್ಲಿ ಕಾಂಟ್ರ್ಯಾಕ್ಟ್ ಬಯರ್ಸ್ ಲೀಗ್ ಹುಟ್ಟಿತು, ರಾಸ್ ಅದರ ಮುಂದಾಳುಗಳಲ್ಲಿ ಒಬ್ಬರಾದರು. ಆ ವರ್ಷದ ಕೊನೆಯಲ್ಲಿ ಕಂತು ಕಟ್ಟುವುದನ್ನೇ ನಿಲ್ಲಿಸಿದರು. ಕೋರ್ಟಿನಲ್ಲಿ ಕೊನೆಗೆ ಸೋತರು. ಆದರೆ ಅಷ್ಟರೊಳಗೆ ನೂರಾರು ಕುಟುಂಬಗಳು ಕರಾರನ್ನು ನ್ಯಾಯವಾದ ಬೆಲೆಗೆ ಬದಲಿಸಿಕೊಂಡಿದ್ದವು.

ಅದನ್ನು ಕೇಳುವಾಗ ನಮ್ಮ ಒಂದು ವಾರ ಎಷ್ಟು ಚಿಕ್ಕದು ಎನಿಸಿತು. ಬೇಸರಕ್ಕೆ ಹೇಳುತ್ತಿಲ್ಲ. ಆ ವಿದ್ಯಾರ್ಥಿಗಳೂ ಹೊರಗಿನಿಂದ ಬಂದವರೇ. ಬಂದವರು ಮೊದಲು ಕೇಳಿಸಿಕೊಂಡರು, ಆಮೇಲೆ ಉಳಿದರು.

ನಡಿಗೆಯ ಉಳಿದ ಭಾಗ ಬೇಗ ಮುಗಿಯಿತು. ಸಾವಿರಾರು ಜನಕ್ಕೆ ಕೆಲಸ ಕೊಟ್ಟಿದ್ದ ಸಿಯರ್ಸ್ ಕಂಪನಿಯ ಹಳೆಯ ಮುಖ್ಯ ಕಚೇರಿ ಇಲ್ಲಿತ್ತು, 1970ರ ದಶಕದಲ್ಲಿ ಅದು ನಗರದ ನಡುವಿನ ಗೋಪುರಕ್ಕೆ ಹೋಯಿತು. 14 ಮಹಡಿಯ ಹಳೆಯ ಇಟ್ಟಿಗೆ ಗೋಪುರ ಇನ್ನೂ ನಿಂತಿದೆ, ಈಗ ಅದು ಬಡಾವಣೆಯ ಸಂಸ್ಥೆಗಳ ಕಚೇರಿ. ಕಿಂಗ್ ಹತ್ಯೆಯಾದ 1968ರ ಏಪ್ರಿಲ್‌ನ ಗಲಭೆಯ ಬೆಂಕಿ, ಹೋದ ಕಾರ್ಖಾನೆಗಳು, ಹೋದ ಜನ. 1960ರಲ್ಲಿ 1,25,000 ಹತ್ತಿರವಿದ್ದ ಜನಸಂಖ್ಯೆ 2020ರಲ್ಲಿ ಸುಮಾರು 35,000. ಖಾಲಿ ನಿವೇಶನಗಳ ಲೆಕ್ಕ ಇದೇ.

ಮಕ್ಕಳು ಹೆಚ್ಚು ಹೊತ್ತು ನಿಂತದ್ದು ಡಗ್ಲಸ್ ಪಾರ್ಕಿನ ಫಲಕದ ಮುಂದೆ. ಗುಲಾಮಗಿರಿ ಹೊಸ ಪ್ರದೇಶಗಳಿಗೆ ಹಬ್ಬಲು ದಾರಿ ಮಾಡಿದ ಸೆನೆಟರ್ ಸ್ಟೀಫನ್ ಡಗ್ಲಸ್‌ನ ಹೆಸರು ಇದಕ್ಕಿತ್ತು. ಆ ಹೆಸರಿಗೆ ಇಂಗ್ಲಿಷಿನಲ್ಲಿ ಇನ್ನೊಂದು ‘ಎಸ್’ ಸೇರಿಸಿದರೆ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಅದರ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್‌ನ ಹೆಸರಾಗುತ್ತದೆ. ಶಾಲೆಯ ಮಕ್ಕಳು ವರ್ಷಗಟ್ಟಲೆ ಸಹಿ ಸಂಗ್ರಹಿಸಿ ಸಭೆಗಳಲ್ಲಿ ಮಾತಾಡಿದರು. 2020ರಲ್ಲಿ ಪಾರ್ಕಿಗೆ ಆನಾ ಮತ್ತು ಫ್ರೆಡರಿಕ್ ಡಗ್ಲಸ್ ದಂಪತಿಯ ಹೆಸರು ಬಂತು. “ನಮ್ಮ ವಯಸ್ಸಿನವರೇ?” ಎಂದು ನನ್ನ ಮಗಳು ಕೇಳಿದಳು. “ಶುರುಮಾಡಿದಾಗ ನಿಮಗಿಂತ ಚಿಕ್ಕವರು,” ಎಂದರು ಡೀಕನ್.

ಸಂಜೆ ಸಭೆಯಲ್ಲಿ ಬುಧವಾರದ ಬೈಬಲ್ ಅಧ್ಯಯನ. ನಾವು ಹಿಂದಿನ ಸಾಲಿನಲ್ಲಿ ಕೂತು ಕೇಳಿದೆವು.

ಜೂನ್ 19, ಗುರುವಾರ

ಜೂನ್‌ಟೀಂತ್. 1863ರ ಜನವರಿ 1ರಂದೇ ಲಿಂಕನ್ ಗುಲಾಮರ ವಿಮೋಚನೆ ಸಾರಿದ್ದರೂ ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ಸೇನೆ ಬಂದು ಅದನ್ನು ಓದಿ ಹೇಳಿದ್ದು 1865ರ ಜೂನ್ 19ಕ್ಕೆ. 2021ರಿಂದ ದೇಶದ ರಜಾದಿನ. ನಮ್ಮ ಊರಿನಲ್ಲಿ ಅಂದು ಅಂಚೆ ಕಚೇರಿ ಮುಚ್ಚಿರುತ್ತದೆ, ಅಷ್ಟೇ. ಇಲ್ಲಿ ಬೀದಿಗೆ ಅಡ್ಡಗಟ್ಟಿ ಮೇಜು ಹಾಕಿದ್ದರು. ಕಲ್ಲಂಗಡಿ, ಕೆಂಪು ಪಾನಕ, ಹೊಗೆಯಲ್ಲಿ ಬೆಂದ ಮಾಂಸ. ನಮಗೆ ಸಿಕ್ಕ ಕೆಲಸ ಕುರ್ಚಿ ಹಾಕುವುದು, ಕೊನೆಗೆ ಕುರ್ಚಿ ತೆಗೆಯುವುದು. ನಡುವೆ ಅತಿಥಿಗಳಾಗಿ ತಿಂದೆವು. ಸೇವೆಗೆಂದು ಬಂದು ಹೀಗೆ ಕೂತು ತಿನ್ನುವುದು ಸರಿಯೇ ಎಂದು ನಮ್ಮ ಜೊತೆಯ ತಂದೆಗೆ ಕಸಿವಿಸಿ. ನನಗೆ ಹಾಗೆನಿಸಲಿಲ್ಲ. ಬಡಿಸಲು ಮಾತ್ರ ಗೊತ್ತಿದ್ದು ಬಡಿಸಿಕೊಳ್ಳಲು ಗೊತ್ತಿಲ್ಲದವರನ್ನು ಯಾರು ನೆರೆಯವರೆಂದು ತಿಳಿಯುತ್ತಾರೆ?

ಜೂನ್ 20, ಶುಕ್ರವಾರ

ತೋಟ. ಮೂರು ಏರುಮಡಿ ಕಟ್ಟುವ ಕೆಲಸ, ಮತ್ತು ಈ ಸಲ ಮದರ್ ಬರುವವರೆಗೆ ಹನ್ನೊಂದೂ ಜನ ಬೇಲಿಯ ಹೊರಗೇ ಕಾದರು.

ಇಲ್ಲಿಯ ನೆಲದಲ್ಲಿ ನೇರವಾಗಿ ತರಕಾರಿ ಬೆಳೆಯುವಂತಿಲ್ಲ. 1978ರಲ್ಲಿ ನಿಷೇಧವಾಗುವವರೆಗೆ ಮನೆಗಳಿಗೆ ಬಳಿಯುತ್ತಿದ್ದ ಬಣ್ಣದಲ್ಲಿ ಸೀಸವಿತ್ತು, ವಾಹನಗಳ ಪೆಟ್ರೋಲಿನಲ್ಲೂ ಇತ್ತು. ಮನೆ ಬಿದ್ದರೂ ಸೀಸ ಮಣ್ಣಿನಲ್ಲಿ ಉಳಿಯುತ್ತದೆ. ಆದ್ದರಿಂದ ನೆಲಕ್ಕೆ ದಪ್ಪ ಬಟ್ಟೆ ಹಾಸಿ, ಹಲಗೆಯ ಚೌಕಟ್ಟು ಕಟ್ಟಿ, ಹೊರಗಿನಿಂದ ತಂದ ಮಣ್ಣು, ಗೊಬ್ಬರ ತುಂಬಬೇಕು. ನಾಲ್ಕಡಿ ಅಗಲ, ಎಂಟಡಿ ಉದ್ದ. ಎರಡು ಮಡಿ ಒಂದಡಿ ಎತ್ತರ, ಮೂರನೆಯದು ಎರಡಡಿ, ಮದರ್ ಕುರ್ಚಿಯಲ್ಲಿ ಕೂತೇ ಕೈಯಾಡಿಸಲು. 128 ಘನ ಅಡಿ ಮಣ್ಣನ್ನು ಬೀದಿಯ ತುದಿಯಿಂದ ತಳ್ಳುಗಾಡಿಯಲ್ಲಿ ತಂದು ಸುರಿದರು. ಎತ್ತರದ ಹುಡುಗ ಒಂದು ಸಲವೂ ಕೂರಲಿಲ್ಲ.

ಬೆಂಡೆ ಬೀಜ ಊರುವಾಗ ಮದರ್ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. ಅವರ ತಾಯಿ ಮಿಸಿಸಿಪ್ಪಿಯಿಂದ ಬರುವಾಗ ಬೀಜವನ್ನು ಕರವಸ್ತ್ರದ ಗಂಟಿನಲ್ಲಿ ತಂದಿದ್ದರಂತೆ. “ನಿಮ್ಮಲ್ಲೂ ಉಂಟೇ ಇದು?” ಎಂದರು. ಉಂಟು ಎಂದೆ. ಲೋಳೆಯಾಗದಂತೆ ಹೇಗೆ ಮಾಡುತ್ತೀ ಎಂದು ಪರೀಕ್ಷೆ. ತೊಳೆದು ಒರೆಸಿ ಆಮೇಲೆ ಹೆಚ್ಚುವುದು, ಮುಚ್ಚಳ ಮುಚ್ಚದೆ ಹುರಿಯುವುದು, ಹುಳಿ ಹಾಕುವುದು ಎಂದೆ. ಅವರು ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿಯುತ್ತಾರೆ. ಹುಳಿಯ ಮಾತು ಅವರಿಗೆ ಹಿಡಿಸಿತು. ಬೀಜ ಎಷ್ಟು ಆಳಕ್ಕೆ ಊರಬೇಕೆಂಬುದರಲ್ಲಿ ಮಾತ್ರ ನಮ್ಮಿಬ್ಬರಿಗೂ ಒಮ್ಮತವಾಗಲಿಲ್ಲ. ಅವರು ಹೇಳಿದಂತೆಯೇ ಊರಿದೆವು.

ಹೊರಡುವ ಮುನ್ನ ನಮ್ಮ ಪಾಸ್ಟರ್, “ಮುಂದಿನ ಜೂನಿನಲ್ಲಿ ಮತ್ತೆ ಬರುತ್ತೇವೆ ಮದರ್,” ಎಂದರು.

“ಜೂನಿನಲ್ಲಿ ಎಲ್ಲರೂ ಬರುತ್ತಾರೆ. ಕಳೆ ಏಳುವುದು, ನೀರು ಸಾಲದೆ ಬರುವುದು ಆಗಸ್ಟಿನಲ್ಲಿ. ಆಗ ಒಬ್ಬರೂ ಇರುವುದಿಲ್ಲ.”

ಜೂನ್ 21, ಶನಿವಾರ

ನೆಲಮಾಳಿಗೆ ಗುಡಿಸಿ ಒರೆಸಿ, ಎಂಟಕ್ಕೆ ಹೊರಟೆವು. ವ್ಯಾನು ತೋಟದ ಮುಂದೆ ನಿಂತಾಗ ಇಬ್ಬರು ಇಳಿದು ಬೇಲಿಯ ಬುಡ ನೋಡಿ ಬಂದರು. ಚಿಗುರು ಇನ್ನೂ ಬಂದಿರಲಿಲ್ಲ. ದಾರಿಯುದ್ದಕ್ಕೂ ಮಕ್ಕಳು ನಿದ್ದೆ.

ಆಗಸ್ಟ್ 9, ಶನಿವಾರ

ಬೆಳಿಗ್ಗೆ ನಾಲ್ಕಕ್ಕೆ ನನ್ನ ಕಾರಿನಲ್ಲಿ ಹೊರಟೆವು. ನಾನು, ಮಗಳು, ಎತ್ತರದ ಹುಡುಗ, ಇನ್ನಿಬ್ಬರು. ಡಿಕ್ಕಿಯಲ್ಲಿ ಐವತ್ತು ಅಡಿಯ ನೀರಿನ ಪೈಪು. ಮದರ್‌ಗೆ ಗುರುವಾರವೇ ಫೋನ್ ಮಾಡಿ ಬರಬಹುದೇ ಎಂದು ಕೇಳಿದ್ದೆ.

ಬೇಲಿಯುದ್ದಕ್ಕೂ ಮಿಲ್ಕ್‌ವೀಡ್ ಮೊಣಕಾಲೆತ್ತರ ಎದ್ದಿತ್ತು, ಹೂವಿಲ್ಲ, ಎಲೆಗಳಲ್ಲಿ ತೂತು. ಬೀದಿಯ ಇಬ್ಬರು ಸಣ್ಣ ಮಕ್ಕಳು ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು ಗಟ್ಟಿಯಾಗಿ ಎಣಿಸುತ್ತಿದ್ದರು. ನಮ್ಮ ಹುಡುಗ ಬೆಂಡೆ ಮಡಿಯ ಬಳಿ ಮಂಡಿಯೂರಿ ಒಂದೊಂದು ಗಿಡದ ತುದಿ ಬೆರಳಿನಲ್ಲಿ ಮುಟ್ಟಿ, ಇದು ಕಳೆಯೇ ಎಂದು ತೋರಿಸುತ್ತಿದ್ದ, ಮದರ್ ಕುರ್ಚಿಯಿಂದಲೇ ಹೌದು, ಅಲ್ಲ ಎಂದು ತಲೆಯಾಡಿಸುತ್ತಿದ್ದರು. ಹೌದೆಂದದ್ದನ್ನು ಕಿತ್ತು ಬುಟ್ಟಿಗೆ ಹಾಕುತ್ತಿದ್ದ.

“ಎಳೆಯದನ್ನು ಮಾತ್ರ ಕೊಯ್ಯಿ,” ಎಂದು ನನ್ನ ಕೈಗೆ ಕತ್ತರಿ ಕೊಟ್ಟರು. “ಆ ಹುಳಿ ಹಾಕುವುದನ್ನು ಇವತ್ತು ನನಗೆ ಮಾಡಿ ತೋರಿಸು.”